ಮುಗಿಯದ ಟಿಕೆಟ್ಟು, ಮೂಗು ತೂರಿಸುವ ಅಣ್ಣ

ಕಲಬುರಗಿಯ ಸೇಡಂ ರಸ್ತೆ ಕಡೆಯಿಂದ ಒಬ್ಬ ಹುಡುಗಿ ಉದ್ದದ ಪತ್ರ ಬರೆದಿದ್ದಾಳೆ. ಓದಿ ಮುಗಿಸುವ ಹೊತ್ತಿಗೆ ನನಗೆ ಸಿಟ್ಟು ಬಂದಿತ್ತು. ಅವಳ ಮೇಲೆ ಸ್ವಲ್ಪ, ಅವಳ ಅಣ್ಣನ ಮೇಲೆ ಜಾಸ್ತಿ.

ವಿಷಯ ಇಷ್ಟು. ಬೆಂಗಳೂರಿನ ಒಂದು ಕಂಪನಿಗೆ ಅವಳು ಮನೆಯಿಂದಲೇ ಕೆಲಸ ಮಾಡುತ್ತಾಳೆ, ಆಸ್ಪತ್ರೆಗಳ ಬಿಲ್ಲಿಂಗ್ ಸಾಫ್ಟ್‌ವೇರ್. ಕೆಲಸವನ್ನು ಎರಡೆರಡು ವಾರದ ಕಂತು ಮಾಡಿಕೊಂಡಿದ್ದಾರೆ, ಆ ಕಂತಿಗೆ ಸ್ಪ್ರಿಂಟ್ ಅಂತ ಹೆಸರು, ಬುಧವಾರ ಶುರುವಾಗಿ ಮಂಗಳವಾರ ಮುಗಿಯುತ್ತದೆ. ಪ್ರತಿ ಸಲವೂ ಕೊನೆಗೆ ಒಂದೆರಡು ಟಿಕೆಟ್, ಅಂದರೆ ಒಂದೊಂದು ಕೆಲಸದ ಚೀಟಿ, ಉಳಿದೇ ಉಳಿಯುತ್ತವೆ. ಆಗ, ಸ್ಕ್ರಮ್ ಅನ್ನುವ ಈ ಕೆಲಸದ ಪದ್ಧತಿಯನ್ನು ಟೀಮ್ ಪಾಲಿಸುವಂತೆ ನೋಡಿಕೊಳ್ಳಬೇಕಾದ ಸ್ಕ್ರಮ್ ಮಾಸ್ಟರ್ "ಇದನ್ನ ಡನ್ ಅಂತ ಹಾಕಿಬಿಡು, ಉಳಿದದ್ದಕ್ಕೆ ಹೊಸ ಟಿಕೆಟ್ ಮಾಡು" ಅನ್ನುತ್ತಾರೆ. ಹೋದ ಸಲ ಹಾಗೇ ಮಾಡಿದಳು. ಹೊಸ ಟಿಕೆಟ್‌ಗೆ ಪಾಯಿಂಟ್ (ಕೆಲಸ ಎಷ್ಟು ದೊಡ್ಡದು ಅನ್ನುವ ಅಂದಾಜಿನ ಅಂಕ) ಸೊನ್ನೆ, ಕೆಲಸ ಮಾತ್ರ ಸೊನ್ನೆ ಅಲ್ವಲ್ಲ, ಶನಿವಾರ ಭಾನುವಾರ ಕೂತು ಅದನ್ನು ಮುಗಿಸಿದಳು. ಈಗ ಮತ್ತೆ ಅದೇ ಮಂಗಳವಾರ ಬಂದಿದೆ. ಆಗಲ್ಲ ಅನ್ನೋಣ ಅಂದರೆ, ಈ ಕೆಲಸಕ್ಕೆ ಶಿಫಾರಸು ಮಾಡಿದ್ದು ದೊಡ್ಡಪ್ಪನ ಮಗ, ಅದೇ ಕಂಪನಿಯ ಬೇರೆ ಟೀಮಿನಲ್ಲಿ ಸೀನಿಯರ್. ಅವನು ಫೋನ್ ಮಾಡಿ "ಎಲ್ಲಾರೂ ಹಿಂಗೇ ಮಾಡ್ತಾರ, ನೀ ಒಬ್ಬಾಕಿ ಹರಿಶ್ಚಂದ್ರ ಆಗಬ್ಯಾಡ, ನನ್ನ ಹೆಸರು ಕೆಡಸಬ್ಯಾಡ" ಅಂದಿದ್ದಾನೆ. "ನಾನೇ ನಿಧಾನ ಇದ್ದೀನಾ ಅಕ್ಕ?" ಅಂತ ಅವಳ ಪ್ರಶ್ನೆ.

ತಂಗಿ, ನೀನು ಅಂತಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಅಣ್ಣನ ಬಗ್ಗೆ ಒಂದು ಪುಟ ಬರೆದ ನೀನು, ನಡುವೆ ಒಂದೇ ಒಂದು ಸಾಲು ಹೀಗೆ ಬರೆದು ಮುಂದೆ ಹೋಗಿದ್ದೀಯ: "ಟೆಸ್ಟಿಂಗ್ ಹುಡುಗ ಎರಡು ಟೀಮಿಗೂ ಒಬ್ಬನೇ, ಸ್ವಲ್ಪ ನಿಧಾನ, ಅದಿರಲಿ." ಯಾಕೆ ಅದಿರಲಿ? ನಿನ್ನ ಇಡೀ ಪತ್ರದಲ್ಲಿ ಮುಖ್ಯವಾದ ಸಾಲು ಅದೊಂದೇ.

ನೀನೇ ಕೊಟ್ಟ ವಿವರ ನೋಡು. ಡಿಸ್ಚಾರ್ಜ್ ಬಿಲ್‌ನಲ್ಲಿ ಇನ್ಶೂರೆನ್ಸ್ ಮೊತ್ತ ಕಳೆಯುವ ಟಿಕೆಟ್. ಕೋಡ್ ಬರೆದು ಮುಗಿಸಿದ್ದು ಶುಕ್ರವಾರ. ರಿವ್ಯೂ ಮಾಡುವವರು, ಅಂದರೆ ಬರೆದ ಕೋಡ್ ಪರಿಶೀಲಿಸುವವರು, ಅದನ್ನು ತೆರೆದು ನೋಡಿದ್ದು ಸೋಮವಾರ ಮಧ್ಯಾಹ್ನ. ಟೀಮಿನ ಬೋರ್ಡ್ ಮೇಲಿನ ಟೆಸ್ಟಿಂಗ್ ಕಾಲಂಗೆ ಹೋಗಿದ್ದು ಸೋಮವಾರ ಸಂಜೆ. ಅದೇ ಸಂಜೆ ನಿಮ್ಮ ಟೀಮಿನ ಉಳಿದವರ ಟಿಕೆಟ್‌ಗಳೂ ಆಚೆ ಟೀಮಿನವೂ ಒಟ್ಟಿಗೆ ಆ ಹುಡುಗನ ತಲೆ ಮೇಲೆ ಬಿದ್ದವು. ನಿನ್ನದೊಂದನ್ನೇ ಸರಿಯಾಗಿ ನೋಡಬೇಕು ಅಂದರೂ ಪಾಲಿಸಿ ಮಿತಿ ದಾಟಿದ ಬಿಲ್, ರೂಮ್ ಬಾಡಿಗೆಗೆ ಮಿತಿ ಇರುವ ಬಿಲ್, ರೋಗಿಯೇ ಒಂದು ಪಾಲು ಕಟ್ಟಬೇಕಾದ ಬಿಲ್, ಮುಂಗಡ ಕಟ್ಟಿ ವಾಪಸ್ ಬರಬೇಕಾದ ಬಿಲ್, ಎಲ್ಲವನ್ನೂ ಬೇರೆ ಬೇರೆ ಹಾಕಿ ನೋಡಬೇಕು. ಅವನಿಗೆ ಸಿಕ್ಕಿದ್ದು ಮಂಗಳವಾರ ಒಂದು ದಿನ. ಅವನು ನಿಧಾನ ಅಲ್ಲ. ನೀನೂ ನಿಧಾನ ಅಲ್ಲ. ಹತ್ತು ದಿನದ ಕೆಲಸವನ್ನು ಕೊನೆಯ ದಿನ ಒಬ್ಬನ ಮೇಲೆ ಸುರಿದು, ಆಮೇಲೆ ಅವನಿಗೇ ನಿಧಾನ ಅನ್ನುವ ಟೀಮ್ ನಿಮ್ಮದು.

ಸಿಟ್ಟು ಬಂದಿದ್ದು ಇದಕ್ಕೇ. ನೀನು ಡನ್ ಒತ್ತಿದ ಕೂಡಲೇ ಟಿಕೆಟ್ ಬಲತುದಿಯ ಕಾಲಂಗೆ ಹೋಗಿ ಕೂರುತ್ತದೆ. ಟಿಕೆಟ್ ಲೆಕ್ಕ ಇಡುವ ಜಿರಾ ಸಾಫ್ಟ್‌ವೇರ್ ಅದನ್ನು ಮುಗಿದ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಟೆಸ್ಟಿಂಗ್ ಕಾಲಂ ಖಾಲಿ ಕಾಣುತ್ತದೆ. ಇನ್ನೊಬ್ಬ ಟೆಸ್ಟರ್ ಬೇಕು ಅಂತ ಮೇಲಿನವರಿಗೆ ಗೊತ್ತಾಗುವುದು ಹೇಗೆ ಹೇಳು? ಸಿಕ್ಕಿಹಾಕಿಕೊಂಡ ಜಾಗವನ್ನು ನೀವೆಲ್ಲ ಸೇರಿ ಎರಡು ವಾರಕ್ಕೊಮ್ಮೆ ಸಾರಿಸಿ ಗುಡಿಸಿ ಚೊಕ್ಕ ಮಾಡಿ ತೋರಿಸುತ್ತಿದ್ದೀರಿ. ಶನಿವಾರ ನಿನ್ನದು ಹೋಯಿತು, ಹೆಸರು ಆ ಹುಡುಗನದ್ದು ಹೋಯಿತು.

ನಿಯಮ ಏನು ಹೇಳುತ್ತದೆ ಅಂತ ಕೇಳಿದ್ದೀಯ. ಕೆನ್ ಶ್ವೇಬರ್, ಜೆಫ್ ಸದರ್‌ಲ್ಯಾಂಡ್ ಬರೆದ ಸ್ಕ್ರಮ್ ಗೈಡ್ ಇದೆ, ಪುಕ್ಕಟೆ ಸಿಗುತ್ತದೆ, 20 ಪುಟವೂ ಇಲ್ಲ. ನಿಮ್ಮ ಟೀಮಿನಲ್ಲಿ ಯಾರಾದರೂ ಓದಿದ್ದಾರಾ ಅಂತ ನನಗೆ ಅನುಮಾನ. 2020ರ ಆವೃತ್ತಿಯಲ್ಲಿ ಬಹಳ ಸ್ಪಷ್ಟವಾಗಿದೆ: ಡನ್ ಅಂದರೆ ಏನೇನು ಆಗಿರಬೇಕು ಅಂತ ಟೀಮ್ ಒಪ್ಪಿಕೊಂಡಿದೆಯೋ ಅದನ್ನು ಮುಟ್ಟದ ಕೆಲಸವನ್ನು ಗ್ರಾಹಕರಿಗೆ ಬಿಡುವ ಹಾಗಿಲ್ಲ, ಸ್ಪ್ರಿಂಟ್ ಕೊನೆಯ ಸ್ಪ್ರಿಂಟ್ ರಿವ್ಯೂ ಸಭೆಯಲ್ಲಿ ತೋರಿಸುವ ಹಾಗೂ ಇಲ್ಲ. ಅದು ಪ್ರಾಡಕ್ಟ್ ಬ್ಯಾಕ್‌ಲಾಗ್‌ಗೆ ವಾಪಸ್ ಹೋಗುತ್ತದೆ, ಅಂದರೆ ಮಾಡಬೇಕಾದ ಕೆಲಸಗಳ ಪಟ್ಟಿಗೆ. ಮುಂದಿನ ಸ್ಪ್ರಿಂಟ್‌ಗೆ ತಾನಾಗಿ ನುಗ್ಗುವುದೂ ಇಲ್ಲ, ಯಾವ ಕೆಲಸ ಮೊದಲು ಅಂತ ತೀರ್ಮಾನಿಸುವ ಪ್ರಾಡಕ್ಟ್ ಓನರ್ ಅದನ್ನು ಉಳಿದ ಕೆಲಸಗಳ ಜೊತೆ ಇಟ್ಟು ನೋಡಬೇಕು. ಆ ಹೊತ್ತಿಗೆ ಆಸ್ಪತ್ರೆಗೆ ಬೇರೇನೋ ತುರ್ತು ಬಂದಿರಬಹುದು. ಅದೇ ಗೈಡ್‌ನಲ್ಲಿ ಟೆಸ್ಟಿಂಗ್‌ಗೆ ಅಂತ ಬೇರೆ ಉಪ-ಟೀಮ್ ಇಲ್ಲ. ಕೆಲಸ ಮುಗಿಸುವವರೆಲ್ಲ ಡೆವಲಪರ್‌ಗಳೇ. ಅಂದರೆ ಸೋಮವಾರ ಸಂಜೆ ಅವನ ಹತ್ತಿರ ಸಾಲು ನಿಂತಿದ್ದಾಗ, ನೀನು ಹೊಸ ಟಿಕೆಟ್ ಎತ್ತಿಕೊಳ್ಳುವ ಬದಲು ಪಕ್ಕದವರ ಬಿಲ್ ಪರದೆ ಟೆಸ್ಟ್ ಮಾಡಬಹುದಿತ್ತು.

ಕೆಲಸ ಉಳಿಯುವುದು ಮಹಾಪಾಪವೂ ಅಲ್ಲ. ಸ್ಪ್ರಿಂಟ್‌ಗೆ ತೆಗೆದುಕೊಂಡ ಪಟ್ಟಿ ಬರೀ ಅಂದಾಜು ಅಂತ ಗೈಡ್ 2011ರಲ್ಲೇ ತಿದ್ದಿಕೊಂಡಿತು. ಬದ್ಧತೆ ಇರಬೇಕಾದ್ದು ಸ್ಪ್ರಿಂಟ್ ಗೋಲ್‌ಗೆ, ಅಂದರೆ ಆ ಸ್ಪ್ರಿಂಟ್‌ನ ಗುರಿಗೆ.

ಪಾಯಿಂಟ್ ಕಥೆಗೆ ಬರೋಣ. ಈ ಟಿಕೆಟ್‌ನ ಎಂಟು ಪಾಯಿಂಟ್‌ನಲ್ಲಿ ಐದನ್ನು ಈ ಸಲ ಎಣಿಸಿ, ಮೂರನ್ನು ಮುಂದಕ್ಕೆ ಹಾಕೋಣ ಅನ್ನುವ ಮಾತೂ ನಡೆದಿದೆಯಂತೆ. ತೊಗರಿ ಕೊಯ್ದು ಕಣಕ್ಕೆ ತಂದಿದ್ದೀವಿ, ರಾಶಿ ಆಗಿಲ್ಲ ಅಂತ ನೆಹರು ಗಂಜಿನ ಮಾರುಕಟ್ಟೆಗೆ ಹೋಗಿ ಕೇಳು, ಅರ್ಧ ದುಡ್ಡು ಕೊಡುತ್ತಾರಾ ನೋಡೋಣ. ಈ ಸಲ ಸೊನ್ನೆ ಬರಲಿ. ಟಿಕೆಟ್ ಮುಗಿದ ಸ್ಪ್ರಿಂಟ್‌ನಲ್ಲಿ ಪೂರ್ತಿ ಎಂಟು ಬರುತ್ತದೆ, ನಾಲ್ಕೈದು ಸ್ಪ್ರಿಂಟ್‌ನ ಸರಾಸರಿ ತೆಗೆದರೆ ಎಲ್ಲ ಸರಿಹೋಗುತ್ತದೆ. ಅಂದ ಹಾಗೆ ಈ ಸ್ಟೋರಿ ಪಾಯಿಂಟೂ, ಒಂದು ಸ್ಪ್ರಿಂಟ್‌ಗೆ ಎಷ್ಟು ಪಾಯಿಂಟ್ ಮುಗಿಯಿತು ಅನ್ನುವ ವೆಲಾಸಿಟಿಯೂ ಆ ಗೈಡ್‌ನಲ್ಲಿ ಎಲ್ಲೂ ಇಲ್ಲ. ನಿಮ್ಮ ಸ್ಕ್ರಮ್ ಮಾಸ್ಟರ್ ಇಲ್ಲದ್ದಕ್ಕೆ ಹೆದರಿ ಇರುವುದನ್ನು ಮುರಿಯುತ್ತಿದ್ದಾರೆ. ಅವರ ಮೇಲೆ ನನಗೆ ಅಷ್ಟು ಕೋಪ ಇಲ್ಲ, ಪಾಪ, ಮೇಲಿಂದ ಯಾರೋ ಗ್ರಾಫ್ ಕೇಳುತ್ತಿರುತ್ತಾರೆ.

ಟಿಕೆಟ್ ಒಡೆಯುವುದೇ ತಪ್ಪು ಅಂತಲ್ಲ. ನಗದು ಕಟ್ಟುವ ರೋಗಿಯ ಬಿಲ್ ಪೂರ್ತಿ ಟೆಸ್ಟ್ ಆಗಿ ಓಡುತ್ತಿದೆ, ಇನ್ಶೂರೆನ್ಸ್ ಭಾಗ ಮಾತ್ರ ಬಾಕಿ ಅಂದರೆ ಧಾರಾಳವಾಗಿ ಎರಡು ಮಾಡಬಹುದು, ಯಾಕೆಂದರೆ ಮೊದಲನೆಯದು ಆಸ್ಪತ್ರೆಗೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಆದರೆ ಅದನ್ನು ಪ್ರಾಡಕ್ಟ್ ಓನರ್ ಜೊತೆ ಕೂತು, ತಿಳಿದ ದಿನವೇ ಮಾಡಬೇಕು. ನೀನು ಶುಕ್ರವಾರದ ಸ್ಟ್ಯಾಂಡಪ್‌ನಲ್ಲಿ, ಅದೇ ದಿನದಿನದ ಚಿಕ್ಕ ಸಭೆಯಲ್ಲಿ, ಏನಂದೆ? "ಇವತ್ತು ಮುಗಿಯುತ್ತೆ." ರಿವ್ಯೂಗೆ ಯಾರೂ ಸಿಕ್ಕಿಲ್ಲ ಅಂತ ಗೊತ್ತಿದ್ದೂ ಅಂದೆ. ನಿನ್ನ ಮೇಲಿನ ಸಿಟ್ಟು ಅಷ್ಟಕ್ಕೆ ಮಾತ್ರ.

ಇನ್ನು ಅಣ್ಣ. ಈ ಅಂಕಣ ಓದುವವರಿಗೆ ಶಿಫಾರಸಿನ ನೆಂಟರ ಬಗ್ಗೆ ನನ್ನ ಅಭಿಪ್ರಾಯ ಗೊತ್ತೇ ಇದೆ, ಮತ್ತೆ ಹೇಳುತ್ತೇನೆ. ಶಿಫಾರಸು ಮಾಡಿದವರ ಕೆಲಸ ಇಂಟರ್‌ವ್ಯೂ ದಿನಕ್ಕೇ ಮುಗಿಯಿತು. ಆಮೇಲೆ ಕೆಲಸ ಉಳಿಸಿಕೊಂಡಿದ್ದು ನೀನು. ರೆಫರಲ್ ದುಡ್ಡು ಏನಾದರೂ ಬಂದಿದ್ದರೆ ಅದು ಅವನ ಜೇಬಿಗೇ ಹೋಗಿದೆ, ಅಲ್ವಾ? ಅವನ ಟೀಮ್ ಬೇರೆ, ಅವನ ಬೋರ್ಡ್ ಬೇರೆ, ನಿನ್ನ ಟಿಕೆಟ್ ಅವನು ತೆರೆದೂ ನೋಡಿಲ್ಲ. ಇಲ್ಲಿ ಅವನಿಗೆ ಹೋಗುವಂಥ ಹೆಸರೇನಿದೆ? ನಾಳೆ ಯಾವುದೋ ಆಸ್ಪತ್ರೆಯ ಕೌಂಟರ್‌ನಲ್ಲಿ ರೋಗಿಯ ಕಡೆಯವರಿಗೆ ತಪ್ಪು ಬಿಲ್ ಹೋದರೆ ಟಿಕೆಟ್ ಮೇಲೆ ಇರುವುದು ನಿನ್ನ ಹೆಸರು. ಅವನು ಫೋನ್ ಮಾಡಿದರೆ ದೊಡ್ಡಮ್ಮ ಹೇಗಿದ್ದಾರೆ ಅಂತ ಕೇಳು, ಆಫೀಸಿನ ಮಾತು ಎತ್ತಿದರೆ ಕರೆಂಟ್ ಹೋಯಿತು ಅಂತ ಇಡು. ಕಲಬುರಗಿ ಬೇಸಿಗೆಯಲ್ಲಿ ಯಾರೂ ಅನುಮಾನ ಪಡುವುದಿಲ್ಲ.

ನಿನಗೆ ಹೇಳುವುದು ಒಂದೇ. ಮಂಗಳವಾರ ಆ ಟಿಕೆಟ್ ಮುಟ್ಟಬೇಡ. ಟೆಸ್ಟಿಂಗ್ ಕಾಲಂನಲ್ಲಿದೆ, ಅಲ್ಲೇ ಇರಲಿ. ಸ್ಪ್ರಿಂಟ್ ಮುಚ್ಚುವಾಗ ಉಳಿದದ್ದನ್ನು ಎಲ್ಲಿಗೆ ಹಾಕಲಿ ಅಂತ ಜಿರಾ ಕೇಳುತ್ತದೆ, ಬ್ಯಾಕ್‌ಲಾಗ್‌ಗೆ ಹಾಕಿ ಅಂತ ಎಲ್ಲರೂ ಇರುವ ಕಾಲ್‌ನಲ್ಲೇ ಬಾಯಿಬಿಟ್ಟು ಹೇಳು. ಯಾಕೆ ಉಳಿಯಿತು ಅಂತ ರೆಟ್ರೋದಲ್ಲಿ, ಅಂದರೆ ಸ್ಪ್ರಿಂಟ್ ಹೇಗೆ ಹೋಯಿತು ಅಂತ ತಿರುಗಿ ನೋಡುವ ಸಭೆಯಲ್ಲಿ, ಕೇಳಿಯೇ ಕೇಳುತ್ತಾರೆ. ಆಗ ಶುಕ್ರವಾರ, ಸೋಮವಾರ ಮಧ್ಯಾಹ್ನ, ಸೋಮವಾರ ಸಂಜೆ ಅಂತ ನನಗೆ ಬರೆದ ಹಾಗೇ ಓದಿ ಹೇಳು. "ನಿಧಾನ" ಅನ್ನುವ ಸಾಲನ್ನು ಮಾತ್ರ ಬಿಟ್ಟು.