ಮ್ಯೂನಿಕ್‌ಗೆ ಹೊಸದಾಗಿ ಬಂದವರಿಗೆ: ಆನ್‌ಲೈನ್ ಆಟ ಮತ್ತು ಒಡನಾಟ

ಚಿತ್ರದುರ್ಗದಿಂದ ಮ್ಯೂನಿಕ್‌ಗೆ ಬಂದು ಮೂರು ತಿಂಗಳಾದರೂ ಸಂಜೆಗಳೆಲ್ಲ ಊರಿನ ಗೆಳೆಯರೊಂದಿಗೆ ಆನ್‌ಲೈನ್ ಆಟದಲ್ಲೇ ಕಳೆಯುತ್ತಿವೆ, ಇದು ಒಡನಾಟವೇ ಅಥವಾ ನಿಮ್ಮ ತಾಯಿಯವರು ಹೇಳುವಂತೆ ಬರೀ ಕಾಲಹರಣವೇ ಎಂದು ಕೇಳಿದ್ದೀರಿ. ದಾವಣಗೆರೆಯನ್ನು ಬಿಟ್ಟು ಹದಿನಾಲ್ಕು ವರ್ಷ ಇಲ್ಲೇ ಬಾಳಿದ ನಾನು ಅದನ್ನು ಒಡನಾಟವೆಂದೇ ನಂಬಿದ್ದೇನೆ.

2020ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾದಾಗ ನಮ್ಮ ನಾಲ್ವರ ತಂಡ ಚದುರಿಹೋಯಿತು. ಫೋನ್ ಮಾಡಿ ಮಾತನಾಡಬಹುದಿತ್ತು. ಆದರೆ ಬರೀ ಕ್ಷೇಮ ವಿಚಾರಿಸಲೆಂದು ಕರೆ ಮಾಡುವ ರೂಢಿ ನಮ್ಮ ಗಂಡಸರಲ್ಲಿ ಕಡಿಮೆ, ಹಾಗಾಗಿ ಯಾರೂ ಮಾಡಲಿಲ್ಲ. ಎರಡು ತಿಂಗಳ ಮೇಲೆ ಲಿಚೆಸ್ ಎಂಬ ಜಾಲತಾಣದಲ್ಲಿ ಚದುರಂಗ ಆಡತೊಡಗಿದೆವು. ಒಂದು ರಾತ್ರಿ, ಎಂದೂ ಎಚ್ಚರ ತಪ್ಪದ ಗೆಳೆಯನೊಬ್ಬ ಕುದುರೆಯನ್ನು ಸುಮ್ಮನೆ ಬಿಟ್ಟುಕೊಟ್ಟ, ಅದರ ಬೆನ್ನಿಗೇ ಆನೆಯನ್ನೂ ಕೊಟ್ಟ. ಏನಾಯಿತೆಂದು ಕೇಳಿದಾಗ, ಅಪ್ಪನನ್ನು ಆಸ್ಪತ್ರೆಗೆ ಸೇರಿಸಿ ಆಗಷ್ಟೇ ಮನೆಗೆ ಬಂದಿದ್ದನೆಂದು ತಿಳಿಯಿತು. ಆಟದ ಗಡಿಯಾರದಲ್ಲಿ ಅವನ ಸಮಯ ಮುಗಿದು ಆಟ ತಾನಾಗಿಯೇ ನಿಂತಿತು. ಊರಿನಲ್ಲಿ ರಾತ್ರಿ ಎರಡೂವರೆಯಾಗುವವರೆಗೆ ನಾವು ಮಾತನಾಡುತ್ತಲೇ ಇದ್ದೆವು. ಹಿಂದೆ ಮಂಡಿಪೇಟೆಯ ನಮ್ಮ ಅಜ್ಜಿ ಜಗಲಿಯ ಮೇಲೆ ಚೌಕಾಬಾರದ ಕವಡೆ ಹಾಕುತ್ತಲೇ ನೆರೆಯವರ ಕಷ್ಟಸುಖ ಕೇಳುತ್ತಿದ್ದುದು ನನಗೆ ಆಗ ನೆನಪಾಯಿತು.

ಆದರೆ ಗಡಿಯಾರದ ವಿಷಯದಲ್ಲಿ ಜಾಗ್ರತೆ ಬೇಕು. ಬೇಸಿಗೆಯಲ್ಲಿ ಊರಿಗೂ ಇಲ್ಲಿಗೂ ಮೂರೂವರೆ ಗಂಟೆಯ ಅಂತರ, ಚಳಿಗಾಲದಲ್ಲಿ ನಾಲ್ಕೂವರೆ. ಚಳಿಗಾಲದಲ್ಲಿ ನೀವು ರಾತ್ರಿ ಎಂಟಕ್ಕೆ ಆಟಕ್ಕೆ ಕೂತರೆ ಊರಿನ ಗೆಳೆಯರಿಗೆ ನಡುರಾತ್ರಿ ದಾಟಿರುತ್ತದೆ. ಒಂದು ನಡೆಗೆ ಒಂದೆರಡು ದಿನ ಅವಕಾಶವಿರುವ ಚದುರಂಗವಾದರೆ ಯಾರ ನಿದ್ರೆಯೂ ಕೆಡದು. ರಾತ್ರಿ 10ರ ನಂತರ ಇಲ್ಲಿ ಸದ್ದು ಮಾಡುವಂತಿಲ್ಲ. ಹೆಡ್‌ಫೋನ್ ಹಾಕಿಕೊಂಡು ನಾನು ಕೂಗಾಡುತ್ತಿದ್ದುದು ಪಕ್ಕದ ಮನೆಯವರು ಬಾಗಿಲು ತಟ್ಟಿದಾಗಲೇ ನನಗೆ ಅರಿವಾದದ್ದು.

ನಾನು ಮುಖ್ಯವಾಗಿ ಹೇಳಬೇಕಾದದ್ದು ಬೇರೆಯೇ ಇದೆ: ಜ್ವರ ಬಂದಾಗ ಔಷಧಿ ತಂದುಕೊಡುವಷ್ಟು ಹತ್ತಿರದಲ್ಲಿ ಊರಿನ ಗೆಳೆಯರು ಇರುವುದಿಲ್ಲ, ಆದ್ದರಿಂದ ಅದೇ ಆಟವನ್ನು ಹಿಡಿದು ಇಲ್ಲಿಯೂ ನಾಲ್ಕು ಜನರನ್ನು ಸಂಪಾದಿಸಿಕೊಳ್ಳಿ. ಜರ್ಮನಿಯಲ್ಲಿ ಒಂದೇ ಹವ್ಯಾಸದವರು ಸೇರುವ ಸಂಘವನ್ನು ಫೆರೈನ್ ಎನ್ನುತ್ತಾರೆ. 1836ರಲ್ಲಿ ಹುಟ್ಟಿದ ಚದುರಂಗ ಸಂಘವೊಂದು ಈ ನಗರದಲ್ಲಿಯೇ ಇದೆ. ಕುದುರೆಗೆ ಶ್ಪ್ರಿಂಗರ್, ಆನೆಗೆ ಟುರ್ಮ್, ಒಂಟೆಗೆ ಲಾಯ್ಫರ್ ಎಂದು ಕಲಿತಿದ್ದಷ್ಟೇ ನನ್ನ ಜರ್ಮನ್ ಆಗಿದ್ದಾಗಲೂ ಎರಡು ಗಂಟೆ ಒಬ್ಬರ ಎದುರು ಕೂರಲು ನನಗೆ ಕಷ್ಟವಾಗಲಿಲ್ಲ. ನಮ್ಮ ಬಡಾವಣೆಯ ಸಂಘ ಶುಕ್ರವಾರ ಸಂಜೆ ಸೇರುತ್ತದೆ. ಬರುವುದಾದರೆ ತಿಳಿಸಿ, ಮೊದಲ ದಿನ ನಾನೇ ಜೊತೆಗೆ ಬರುತ್ತೇನೆ.