ಶಾರ್ಕ್ ಪುಸ್ತಕ: ಕುಂಚದ ಚಿತ್ರ ಇರಲಿ, ಫೋಟೊ ಯಾಕೆ ಕಡಿಮೆ?

ಶಾಲೆಗಳ ಗ್ರಂಥಾಲಯಕ್ಕೆಂದು ಶಾರ್ಕ್‌ಗಳ ಸಚಿತ್ರ ಆಕರ ಪುಸ್ತಕವೊಂದನ್ನು ಈ ಅಂಕಣದಲ್ಲಿ ಹಿಂದೊಮ್ಮೆ ಸೂಚಿಸಿದ್ದೆವು. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಅದರ ಬಗ್ಗೆ ಬರೆದ ಮಾತುಗಳಲ್ಲಿ ಆಯ್ದವಕ್ಕೆ ಇಲ್ಲಿ ಉತ್ತರವಿದೆ.

ಅಷ್ಟು ದುಡ್ಡು ಕೊಟ್ಟು ತರಿಸಿದರೆ ಒಳಗೆ ತುಂಬಾ ಕೈಯಲ್ಲಿ ಬಿಡಿಸಿದ ಚಿತ್ರ, ಫೋಟೊ ಬೆರಳೆಣಿಕೆಯಷ್ಟು. ಈ ಕಾಲದಲ್ಲೂ ಹೀಗೆ ಯಾಕೆ? ನಮ್ಮ ಮಕ್ಕಳು ಫೋಟೊ ಕೇಳುತ್ತಾರೆ.
ಶಿಕ್ಷಕರು, ಅರಸೀಕೆರೆ

ಮಕ್ಕಳು ಕೇಳುವುದು ಸಹಜ. ಆದರೆ ಒಂದು ಶಾರ್ಕನ್ನು ಇನ್ನೊಂದರಿಂದ ಬೇರೆ ಮಾಡುವ ಕೆಲಸಕ್ಕೆ ಫೋಟೊ ಒದಗುವುದು ಕಡಿಮೆ. ನೀರು ಮೊದಲ ಐದು ಹತ್ತು ಮೀಟರಿನಲ್ಲೇ ಕೆಂಪು ಬೆಳಕನ್ನು ಹೀರಿಬಿಡುವುದರಿಂದ ಆಳದಲ್ಲಿ ತೆಗೆದ ಚಿತ್ರದಲ್ಲಿ ಎಲ್ಲ ಮೀನೂ ನೀಲಿ ಬೂದು. ಹತ್ತಿರದಿಂದ ಅಗಲ ಲೆನ್ಸಿನಲ್ಲಿ ತೆಗೆದರೆ ತಲೆ ಊದಿಕೊಂಡು, ಬಾಲ ಸಣ್ಣದಾಗಿ ಕಾಣುತ್ತದೆ. ಬಂದರಿನಲ್ಲಿ ಸತ್ತ ಮೀನನ್ನು ತೆಗೆದರೂ ಬಣ್ಣ ಸಿಗುವುದಿಲ್ಲ. ಬದುಕಿರುವಾಗ ಕಡುನೀಲಿಯಾಗಿರುವ ಬ್ಲೂ ಶಾರ್ಕ್ ಸತ್ತ ಮೇಲೆ ಬೂದಿ ಬಣ್ಣಕ್ಕೆ ತಿರುಗುತ್ತದೆ.

ಚಿತ್ರಕಾರ ಎಲ್ಲ ಜಾತಿಯನ್ನೂ ಒಂದೇ ಭಂಗಿಯಲ್ಲಿ, ಪಕ್ಕದಿಂದ, ರೆಕ್ಕೆಗಳನ್ನೆಲ್ಲ ಬಿಚ್ಚಿ ತೋರಿಸುತ್ತಾನೆ. ಮೊದಲ ಬೆನ್ನುರೆಕ್ಕೆ ಎದೆರೆಕ್ಕೆಯ ಮೇಲೆಯೇ ಶುರುವಾಗುತ್ತದೋ, ಅದರ ತುದಿ ದಾಟಿದ ಮೇಲೋ ಎಂಬುದು ಹಲವು ಜಾತಿಗಳಲ್ಲಿ ನಿರ್ಣಾಯಕ. ಅದು ಚಿತ್ರದಲ್ಲಿ ಮಾತ್ರ ಸ್ಪಷ್ಟ. ಹಲ್ಲು, ಚರ್ಮದ ಮೇಲಿನ ಸಣ್ಣ ಮುಳ್ಳುಹುರುಪೆ, ಬೇಟೆಯ ರೀತಿ ಇವಕ್ಕೆ ಫೋಟೊ ಬೇಕು. ಈ ಪುಸ್ತಕದಲ್ಲಿ ಹಲ್ಲಿನ ಫೋಟೊಗಳು ಸಾಲದು ಎಂಬ ದೂರನ್ನು ಮಾತ್ರ ಒಪ್ಪುತ್ತೇವೆ.

ಇನ್ನೊಂದು ನಿಜವಾದ ಕೊರತೆ ಇದೆ. ಪುಟದ ಅಳತೆಗೆ ಕುಗ್ಗಿಸಿ ಹಿಗ್ಗಿಸಿರುವುದರಿಂದ 12 ಮೀಟರಿನ ತಿಮಿಂಗಿಲ ಶಾರ್ಕ್, 20 ಸೆಂ.ಮೀ.ನ ಕುಬ್ಜ ಲ್ಯಾಂಟರ್ನ್ ಶಾರ್ಕ್ ಎರಡೂ ಅಕ್ಕಪಕ್ಕದ ಪುಟಗಳಲ್ಲಿ ಒಂದೇ ಗಾತ್ರ. ಇದಕ್ಕೆ ತರಗತಿಯಲ್ಲೇ ಪರಿಹಾರವಿದೆ. ಚಾರ್ಟ್ ಕಾಗದದ ಮೇಲೆ 1:20 ಪ್ರಮಾಣ ಹಿಡಿದರೆ ತಿಮಿಂಗಿಲ ಶಾರ್ಕ್ 60 ಸೆಂ.ಮೀ., ಕುಬ್ಜ 1 ಸೆಂ.ಮೀ., 6 ಮೀಟರಿನ ದೊಡ್ಡ ಬಿಳಿ ಶಾರ್ಕ್ 30 ಸೆಂ.ಮೀ. ಬರುತ್ತದೆ. ಪಕ್ಕದಲ್ಲಿ 8 ಸೆಂ.ಮೀ.ನ ಮನುಷ್ಯನನ್ನು ನಿಲ್ಲಿಸಿದರೆ ಮಕ್ಕಳಿಗೆ ಬೇರೇನೂ ಹೇಳಬೇಕಿಲ್ಲ.

ಹತ್ತಾರು ಪುಟ ಎಲ್ಲವೂ ಒಂದೇ ಥರದ ಬೂದು ಮೀನು. ಎಲ್ಲಿಂದ ಶುರು ಮಾಡುವುದು?
ಸಕಲೇಶಪುರದಿಂದ ಓದುಗರು

ಬಣ್ಣವನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಹೊಟ್ಟೆಯಡಿ ಬಾಲದ ಹತ್ತಿರ ಗುದರೆಕ್ಕೆ ಇದೆಯೇ ನೋಡಿ. ಇಲ್ಲದಿದ್ದರೆ ಅದು ಡಾಗ್‌ಫಿಶ್, ಚಪ್ಪಟೆ ಮೈಯ ಏಂಜೆಲ್ ಶಾರ್ಕ್, ಇಲ್ಲವೇ ಗರಗಸ ಮೂತಿಯದು. ಇದ್ದರೆ ಕಿವಿರು ಸೀಳು ಎಣಿಸಿ. ಆರೋ ಏಳೋ ಇದ್ದು ಬೆನ್ನುರೆಕ್ಕೆ ಒಂದೇ ಇದ್ದರೆ ಗುಂಪು ಅಲ್ಲೇ ಗೊತ್ತಾಯಿತು. ಐದಿದ್ದರೆ ಬೆನ್ನುರೆಕ್ಕೆಯ ಮುಂದೆ ಮುಳ್ಳಿದೆಯೇ ನೋಡಿ, ಇದ್ದರೆ ಬುಲ್‌ಹೆಡ್. ಮುಳ್ಳಿಲ್ಲದೆ ಬಾಯಿ ಕಣ್ಣಿಗಿಂತ ಮುಂದೆ ಮುಗಿದರೆ ಕಾರ್ಪೆಟ್ ಶಾರ್ಕ್ ಬಳಗ. ತಿಮಿಂಗಿಲ ಶಾರ್ಕ್ ಕೂಡ ಇದರಲ್ಲೇ. ಉಳಿದವುಗಳಲ್ಲಿ ಕಣ್ಣಿಗೆ ಅಡ್ಡ ಬರುವ ಪೊರೆ ಇದ್ದರೆ ಟೈಗರ್, ಬ್ಲೂ, ಹ್ಯಾಮರ್‌ಹೆಡ್ ಇರುವ ಗುಂಪು. ಇಲ್ಲದಿದ್ದರೆ ಬಿಳಿ ಶಾರ್ಕ್, ಥ್ರೆಶರ್ ಇರುವ ಗುಂಪು. ಈ ಪೊರೆ ಬಣ್ಣದ ಪುಟದಲ್ಲಿ ಕಾಣದು, ತಲೆಯ ರೇಖಾಚಿತ್ರವನ್ನೇ ನೋಡಬೇಕು.

ಎಡವುವುದು ಕೊನೆಯ ಹಂತದಲ್ಲಿ. ಬ್ಲ್ಯಾಕ್‌ಟಿಪ್ ಮತ್ತು ಸ್ಪಿನ್ನರ್ ಎರಡರ ರೆಕ್ಕೆಯ ತುದಿಯೂ ಕಪ್ಪು. ಬ್ಲ್ಯಾಕ್‌ಟಿಪ್‌ನ ಗುದರೆಕ್ಕೆ ಸಾಮಾನ್ಯವಾಗಿ ಬಿಳಿ, ಬೆಳೆದ ಸ್ಪಿನ್ನರ್‌ನದು ಕಪ್ಪು. ಮೇಲಾಗಿ ಸ್ಪಿನ್ನರ್‌ನ ಬೆನ್ನುರೆಕ್ಕೆ ಹಿಂದಕ್ಕೆ ಸರಿದಿರುತ್ತದೆ. ಸ್ಪಿನ್ನರ್ ಮರಿಯ ಗುದರೆಕ್ಕೆಯಲ್ಲಿ ಆ ಕಪ್ಪು ಇನ್ನೂ ಬಂದಿರುವುದಿಲ್ಲವಾದ್ದರಿಂದ ಒಂದೇ ಗುರುತು ನಂಬಿ ತೀರ್ಮಾನಿಸಬೇಡಿ.

ಹೇಮಾವತಿ ಹಿನ್ನೀರಿಗೆ ಬುಲ್ ಶಾರ್ಕ್ ಬರಬಹುದೇ? ನದಿಗೂ ನುಗ್ಗುತ್ತದೆ ಎಂದು ಪುಸ್ತಕದಲ್ಲಿದೆ.
ವಿದ್ಯಾರ್ಥಿ, ಹಾಸನ

ಇಲ್ಲ. ಬುಲ್ ಶಾರ್ಕ್ ಸಿಹಿನೀರಿನಲ್ಲಿ ಬದುಕಬಲ್ಲದು ನಿಜ. ಮಿಸಿಸಿಪ್ಪಿ ನದಿಯಲ್ಲಿ ಇಲಿನಾಯ್‌ವರೆಗೂ ಸಿಕ್ಕಿದೆ. ಆದರೆ ಅದಕ್ಕೆ ಸಮುದ್ರದಿಂದ ತಡೆಯಿಲ್ಲದ ದಾರಿ ಬೇಕು. ಹೇಮಾವತಿ ಕಾವೇರಿ ಸೇರಿ ಬಂಗಾಳ ಕೊಲ್ಲಿ ಮುಟ್ಟುವಷ್ಟರಲ್ಲಿ ಗೊರೂರು, ಕೆಆರ್‌ಎಸ್, ಮೆಟ್ಟೂರು ಅಣೆಕಟ್ಟುಗಳಿವೆ. ಗೊರೂರಿನಲ್ಲಿ ನಿರಾತಂಕವಾಗಿ ಗಾಳ ಹಾಕಿ.

ಹಳೆ ಪುಸ್ತಕದ ಅಂಗಡಿಯಲ್ಲಿ ಇದರದೇ ಹಿಂದಿನ ಆವೃತ್ತಿ ಕಾಲು ಬೆಲೆಗಿದೆ. ಕೊಳ್ಳಬಹುದೇ?
ಚಿಕ್ಕಮಗಳೂರಿನಿಂದ ಓದುಗರು

ಚಿತ್ರಕ್ಕಾಗಿ ಕೊಳ್ಳಬಹುದು, ಅಂಕಿಗಳಿಗಾಗಿ ಬೇಡ. ಮೂರು ಕಡೆ ತೆರೆದು ನೋಡಿದರೆ ಅಂಗಡಿಯಲ್ಲೇ ಗೊತ್ತಾಗುತ್ತದೆ. 1980ರ ದಶಕದ ಪುಸ್ತಕಗಳು ಸುಮಾರು 350 ಜಾತಿ ಎನ್ನುತ್ತವೆ, ಈಗ 500 ದಾಟಿದೆ. ಗ್ರೀನ್‌ಲ್ಯಾಂಡ್ ಶಾರ್ಕ್ ಕನಿಷ್ಠ 272 ವರ್ಷ ಬದುಕುತ್ತದೆ ಎಂಬ ಅಧ್ಯಯನ ಬಂದಿದ್ದು 2016ರಲ್ಲಿ. ದೈತ್ಯ ಶಾರ್ಕ್ ಮೆಗಲೊಡಾನ್ ಅಳಿದದ್ದು 26 ಲಕ್ಷ ವರ್ಷಗಳ ಹಿಂದೆ ಎಂದಿದ್ದರೆ ಹಳೆಯ ಲೆಕ್ಕ; 2019ರ ನಂತರ ಸುಮಾರು 36 ಲಕ್ಷ ಎನ್ನುತ್ತಾರೆ. ಭಾರತದ ಕಾನೂನಿನ ಪುಟವನ್ನಂತೂ ನಂಬಲೇಬೇಡಿ. ತಿಮಿಂಗಿಲ ಶಾರ್ಕ್ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿದ್ದೇ 2001ರಲ್ಲಿ. ಶಾರ್ಕ್ ರೆಕ್ಕೆಯ ರಫ್ತು ನಿಂತಿದ್ದು 2015ರಲ್ಲಿ.

ಕರಾವಳಿಯಿಂದ ಘಾಟಿ ಹತ್ತಿ ಬರುವ ತಾಟೆ ಮೀನು (ಶಾರ್ಕ್) ಕೆಲವೊಮ್ಮೆ ಮೂಗು ಮುಚ್ಚುವಷ್ಟು ನಾರುತ್ತದೆ. ಪುಸ್ತಕದಲ್ಲಿ ಯೂರಿಯಾ ಎಂದಷ್ಟೇ ಇದೆ.
ಹಾಸನದ ಗೃಹಿಣಿ

ಆ ಒಂದು ಸಾಲನ್ನು ಅವರು ಬಿಡಿಸಿ ಬರೆಯಬೇಕಿತ್ತು. ಉಪ್ಪುನೀರು ಮೈಯ ನೀರನ್ನು ಎಳೆದುಕೊಳ್ಳದಿರಲೆಂದು ಶಾರ್ಕ್ ತನ್ನ ರಕ್ತ, ಮಾಂಸದಲ್ಲಿ ಯೂರಿಯಾ ಇಟ್ಟುಕೊಂಡಿರುತ್ತದೆ. ಸತ್ತ ಮೇಲೆ ಬ್ಯಾಕ್ಟೀರಿಯಾ ಅದನ್ನು ಅಮೋನಿಯಾ ಮಾಡುತ್ತವೆ. ಹಿಡಿದ ಕೂಡಲೇ ರಕ್ತ ಹರಿಸಿ, ಕರುಳು ತೆಗೆದು ಐಸ್ ಹಾಕಿದ್ದರೆ ವಾಸನೆ ಕಡಿಮೆ. ದಾರಿಯಲ್ಲಿ ಐಸ್ ಕರಗಿತೋ, ಅದು ಏರುತ್ತದೆ. ಸ್ವಲ್ಪ ಘಾಟಿದ್ದರೆ ಹುಣಸೆ ಇಲ್ಲವೇ ನಿಂಬೆ ಹಿಂಡಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ತೊಳೆದರೆ ಹೋಗುತ್ತದೆ. ಕಣ್ಣು ಉರಿಯುವಷ್ಟಿದ್ದರೆ ಮೀನು ಕೆಟ್ಟಿದೆ, ಹುಳಿ ಅದನ್ನು ಸರಿಮಾಡದು.

ತುಂಡಿನಲ್ಲೂ ಗುರುತು ಹಿಡಿಯಬಹುದು. ನಡುವೆ ನಾಣ್ಯದಂತಹ ದುಂಡು ಮೃದ್ವಸ್ಥಿ, ಸಣ್ಣ ಮುಳ್ಳುಗಳಿಲ್ಲ, ಬಾಲದಿಂದ ತಲೆಯ ಕಡೆಗೆ ಸವರಿದರೆ ಚರ್ಮ ಉಪ್ಪುಕಾಗದದಂತೆ ಒರಟು. ಒತ್ತಾಗಿ ಸಾಲಾಗಿ ಕಡ್ಡಿಗಳಂತೆ ಮೃದ್ವಸ್ಥಿ ಕಂಡರೆ ಅದು ತೊರಕೆಯ (ರೇ ಮೀನಿನ) ರೆಕ್ಕೆ. ದೊಡ್ಡ ಶಾರ್ಕ್‌ಗಳ ಮಾಂಸದಲ್ಲಿ ಪಾದರಸ ಹೆಚ್ಚು. ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಬೇಡ.

ಜುಲೈ ಮಳೆಯಲ್ಲಿ ಸೂರು ಸೋರಿ ಪುಸ್ತಕ ನೆನೆದು, ನಯವಾದ ಹಾಳೆಗಳು ಅಂಟಿಕೊಂಡಿವೆ. ಬಿಸಿಲಿಗಿಡಲೇ?
ಮೂಡಿಗೆರೆಯಿಂದ ಗ್ರಂಥಪಾಲಕರು

ಬಿಸಿಲು ಬೇಡ, ಹೇರ್ ಡ್ರೈಯರ್ ಅಂತೂ ಬೇಡವೇ ಬೇಡ. ಆರ್ಟ್ ಪೇಪರಿನ ಮೇಲೆ ಸುಣ್ಣದಂತಹ ಲೇಪನವಿರುತ್ತದೆ. ನೆನೆದಾಗ ಅದು ಅಂಟಾಗಿ, ಹಾಗೇ ಒಣಗಿದರೆ ಎರಡು ಹಾಳೆ ಒಂದಾಗಿಬಿಡುತ್ತವೆ. ಅಲ್ಲಿಗೆ ಕಥೆ ಮುಗಿಯಿತು, ಎಳೆದರೆ ಚಿತ್ರವೇ ಕಿತ್ತು ಬರುತ್ತದೆ. ಇನ್ನೂ ಹಸಿಯಾಗಿದ್ದರೆ ಒಂದೊಂದೇ ಹಾಳೆಯನ್ನು ಮೆಲ್ಲಗೆ ಬಿಡಿಸಿ, ನಡುನಡುವೆ ಬಟರ್ ಪೇಪರ್ ಇಟ್ಟು, ಪುಸ್ತಕವನ್ನು ಬೀಸಣಿಗೆಯಂತೆ ಬಿಡಿಸಿ ನಿಲ್ಲಿಸಿ ಫ್ಯಾನ್ ಹಾಕಿ. ದಿನಪತ್ರಿಕೆ ಇಡಬೇಡಿ, ಶಾಯಿ ಹತ್ತುತ್ತದೆ. ಅಷ್ಟು ಹೊತ್ತು ಕೂರಲಾಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರಿನಲ್ಲಿಡಿ. ಹಾಳೆ ಒಣಗಿ ಅಂಟುವುದೂ ಬೂಷ್ಟು ಹಿಡಿಯುವುದೂ ನಿಲ್ಲುತ್ತದೆ. ಬಿಡುವಾದಾಗ ತೆಗೆದು, ಕರಗಿದಂತೆ ಹಾಳೆ ಬಿಡಿಸಿ.

ಮುಂದಿನ ಮಳೆಗಾಲಕ್ಕೆ ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆಯಿರಿ. ನುಸಿಗುಳಿಗೆ ಹುಳುವಿಗೇ ಹೊರತು ತೇವಕ್ಕಲ್ಲ. ಸಿಲಿಕಾ ಜೆಲ್ ಇಡಿ, ನೀಲಿಯದು ಗುಲಾಬಿಯಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮತ್ತೆ ನೀಲಿಯಾಗುವವರೆಗೆ ಬಿಸಿಮಾಡಿ ಇಡಬಹುದು. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ.