ದಾರ ಹಿಡಿದು ಅಳೆಯಿರಿ, ಗುರುಗಳೇ

ಸೇಡಂನ ನಿವೃತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ. ತಂದೆಯವರ ಕಾಲದ ರೆಕಾರ್ಡ್ ಪ್ಲೇಯರನ್ನು ಅಟ್ಟದಿಂದ ಇಳಿಸಿ, ತಟ್ಟೆ ಎತ್ತಿ ನೋಡಿದರೆ ಒಳಗಿನ ರಬ್ಬರ್ ಬೆಲ್ಟ್ ಡಾಂಬರಿನಂತೆ ಕರಗಿ ಅಂಟಿಕೊಂಡಿತ್ತಂತೆ. ಕಲಬುರಗಿಯ ರಿಪೇರಿಯವರೊಬ್ಬರು ಟೇಪ್ ರೆಕಾರ್ಡರಿನ ಬೆಲ್ಟ್ ಹಾಕಿಕೊಡುತ್ತೇನೆ ಎಂದಿದ್ದಾರೆ. ಮಗ ಮೊಬೈಲಿನಲ್ಲಿ ‘ಎಲ್ಲ ಪ್ಲೇಯರಿಗೂ ಹೊಂದುವ’ ಬೆಲ್ಟ್ ತೋರಿಸಿದ್ದಾನೆ. ನೆರೆಮನೆಯವರು ಸೈಕಲ್ ಟ್ಯೂಬಿನಿಂದ ಉಂಗುರ ಕತ್ತರಿಸಿ ಹಾಕಿ ಎಂದಿದ್ದಾರೆ. ‘ಮೂವರಲ್ಲಿ ಯಾರ ಮಾತು ಕೇಳಲಿ? ಇಂಥ ಕ್ಷುಲ್ಲಕ ವಿಷಯಕ್ಕೆ ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ’ ಎಂದು ಪತ್ರ ಮುಗಿದಿದೆ.

ಗುರುಗಳೇ, ಮೊದಲು ಆ ಕ್ಷಮಾಪಣೆಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ಈ ತಿಂಗಳು ರಾಜಕೀಯದ ಪತ್ರಗಳು ಒಂದು ಮೂಟೆಯಷ್ಟು ಬಂದಿವೆ. ಉತ್ತರ ಏನಿರಬೇಕೆಂದು ಬರೆದವರಿಗೇ ಮೊದಲೇ ಗೊತ್ತಿದೆ. ಗೊತ್ತಿಲ್ಲದ್ದನ್ನು ಕೇಳಿದವರು ನೀವೊಬ್ಬರೇ.

ಮೂವರಲ್ಲಿ ಯಾರ ಮಾತೂ ಬೇಡ. ಪ್ಲೇಯರಿನ ಮಾತು ಕೇಳಿ.

ಸೈಕಲ್ ಟ್ಯೂಬಿನ ನೆರೆಯವರ ಬಗ್ಗೆ ನನಗೆ ಗೌರವವಿದೆ. ಇದ್ದುದರಲ್ಲೇ ಕೆಲಸ ನಡೆಸುವ ಜಾಣತನ ನಮ್ಮ ಕಡೆಯ ಆಸ್ತಿ, ಒಂದು ರಾತ್ರಿಯ ಮಟ್ಟಿಗೆ ಆ ಉಂಗುರ ಹಾಡಿಸಲೂಬಹುದು. ಆದರೆ ಕತ್ತರಿ ಹಿಡಿದ ಕೈ ಎಷ್ಟೇ ಗಟ್ಟಿಯಾಗಿರಲಿ, ಅಗಲ ದಪ್ಪ ಎರಡೂ ಸುತ್ತಲೂ ಒಂದೇ ಸಮ ಬರುವುದಿಲ್ಲ. ಬೆಲ್ಟ್ ಒಂದು ಸುತ್ತು ಮುಗಿಸಿದಾಗಲೆಲ್ಲ ಸ್ವರ ಒಮ್ಮೆ ತೂಗಾಡುತ್ತದೆ. ಎಳೆದು ಹಿಡಿದ ಷಡ್ಜ ಜೋಲಿ ಹೊಡೆಯುವುದನ್ನು ಕೇಳುವುದಕ್ಕಿಂತ ಸುಮ್ಮನಿರುವುದು ಲೇಸು. ಟೇಪ್ ರೆಕಾರ್ಡರಿನ ಬೆಲ್ಟುಗಳು ಸಾಮಾನ್ಯವಾಗಿ ಚೌಕವಾಗಿರುತ್ತವೆ. ಪ್ಲೇಯರಿನ ಪುಲ್ಲಿಯನ್ನು, ಅಂದರೆ ಬೆಲ್ಟನ್ನು ಎಳೆಯುವ ಮೋಟಾರಿನ ಪುಟ್ಟ ಗಾಲಿಯನ್ನು, ಬೆರಳಿನಿಂದ ಸವರಿ ನೋಡಿ, ನಡುವೆ ಕೊಂಚ ಉಬ್ಬಿರುತ್ತದೆ. ಚಪ್ಪಟೆ ಬೆಲ್ಟ್ ಆ ಉಬ್ಬನ್ನೇರಿ ನಡುವಿನಲ್ಲೇ ಓಡುತ್ತದೆ. ಚೌಕದ್ದು ಪಕ್ಕಕ್ಕೆ ಜಾರುತ್ತದೆ.

‘ಎಲ್ಲಕ್ಕೂ ಹೊಂದುವ’ ಬೆಲ್ಟಿನ ಮೇಲೆ ನನಗೆ ಹಳೆಯ ಹಗೆ ಇದೆ. ಹಿಂದೊಮ್ಮೆ ದೊಡ್ಡ ನಗರದ ಅಂಗಡಿಯೊಂದರಿಂದ ಅಂಥದೇ ಒಂದನ್ನು ತಂದು ಹಾಕಿದೆ. ತಟ್ಟೆ ತಿರುಗಿತು, ಹಾಡು ಬಂತು, ನಾನು ಹಿಗ್ಗಿದೆ. ಭಜನೆಗೆ ಹಾರ್ಮೋನಿಯಂ ಹಿಡಿಯುವ ನಮ್ಮ ಸೋದರಮಾವ ಜೊತೆಗೆ ನುಡಿಸಲು ಕುಳಿತರು. ಎರಡು ನಿಮಿಷ ತಡಕಾಡಿ, ‘ಇವರು ಕಪ್ಪು ಒಂದರಲ್ಲಿ ಹಾಡುತ್ತಿದ್ದಾರೋ ಬಿಳಿ ಎರಡರಲ್ಲೋ? ಪೆಟ್ಟಿಗೆಯಲ್ಲಿ ಆ ಪಟ್ಟಿಯೇ ಇಲ್ಲ’ ಎಂದು ಎದ್ದುಬಿಟ್ಟರು. ಲೆಕ್ಕ ಹಾಕಿದೆ. ನನ್ನ ಪ್ಲೇಯರಿನ ಪುಲ್ಲಿ 11 ಮಿಲಿಮೀಟರ್. 0.6 ಮಿಲಿಮೀಟರ್ ದಪ್ಪದ ಬೆಲ್ಟ್ ಇರಬೇಕಾದಲ್ಲಿ ಒಂದು ಮಿಲಿಮೀಟರಿನದು ಕುಳಿತಿತ್ತು. ಬೆಲ್ಟ್ ಸುತ್ತಿದಾಗ ಅದರ ದಪ್ಪವೂ ಪುಲ್ಲಿಯ ಲೆಕ್ಕಕ್ಕೆ ಸೇರುತ್ತದೆ. ದೊಡ್ಡ ತಟ್ಟೆಗೆ ಅದು ಗಣನೆಗೇ ಇಲ್ಲ, ಸಣ್ಣ ಪುಲ್ಲಿಗೆ ಬಹಳ. ವೇಗ ನೂರಕ್ಕೆ ಮೂರರಷ್ಟು ಏರಿತ್ತು. ಹಾರ್ಮೋನಿಯಂನ ಒಂದು ಪಟ್ಟಿಯಿಂದ ಪಕ್ಕದ ಪಟ್ಟಿಗೆ ಇರುವ ಅಂತರ ನೂರಕ್ಕೆ ಸುಮಾರು ಆರು. ಮೂರು ಎಂದರೆ ಎರಡು ಪಟ್ಟಿಗಳ ನಡುವೆ. ಮಾವ ಹೇಳಿದ ಜಾಗ ಕರಾರುವಾಕ್ಕಾಗಿತ್ತು.

ಆದ್ದರಿಂದ ಅಳೆಯಿರಿ. ಹಳೆಯ ಬೆಲ್ಟನ್ನಲ್ಲ, ಅದು ಕರಗುವ ಮೊದಲೇ ಜೋತುಬಿದ್ದಿರುತ್ತದೆ. ಪುಲ್ಲಿಯನ್ನೂ ತಟ್ಟೆಯ ಅಡಿಯ ಬಳೆಯನ್ನೂ ಸ್ಪಿರಿಟ್ ಹಾಕಿ ಒರೆಸಿ, ಅಂಟು ಒಂದಿಷ್ಟೂ ಉಳಿಯದಂತೆ. ಬೆಲ್ಟ್ ಓಡುವ ದಾರಿಯಲ್ಲೇ ಒಂದು ಹಿಗ್ಗದ ದಾರ ಸುತ್ತಿ, ಗುರುತು ಹಾಕಿ, ಬಿಚ್ಚಿ ಅಳೆಯಿರಿ. ಸುಮಾರು ನೂರಕ್ಕೆ ಐದರಷ್ಟು ಕಳೆಯಿರಿ: ದಾರ 620 ಮಿಲಿಮೀಟರ್ ಬಂದರೆ ಬೆಲ್ಟಿನ ಒಳಸುತ್ತು 590ರ ಆಸುಪಾಸು. ತೀರ ಬಿಗಿಯಾದರೆ ಮೋಟಾರಿನ ಬುಷ್ ಸವೆಯುತ್ತದೆ. ಸಡಿಲವಾದರೆ ತಟ್ಟೆ ಹೊರಡಲು ಮುನಿಸಿಕೊಳ್ಳುತ್ತದೆ. ಅಗಲವನ್ನು ಪುಲ್ಲಿಯೇ ಹೇಳುತ್ತದೆ. ಇಷ್ಟೆಲ್ಲ ಬರೆದ ನೀವು ಪ್ಲೇಯರಿನ ಹೆಸರು, ಮಾದರಿ ಸಂಖ್ಯೆ ಮಾತ್ರ ಬರೆದಿಲ್ಲ! ವಿದ್ಯಾರ್ಥಿ ಉತ್ತರ ಪತ್ರಿಕೆಯಲ್ಲಿ ನೋಂದಣಿ ಸಂಖ್ಯೆ ಬಿಟ್ಟಿದ್ದರೆ ನೀವು ಸುಮ್ಮನಿರುತ್ತಿದ್ದಿರಾ? ಮಾದರಿ ತಿಳಿದರೆ ದಪ್ಪವೂ ತಿಳಿಯುತ್ತದೆ.

(ಟೆಕ್ನಿಕ್ಸ್‌ನ 1972ರ ಎಸ್‌ಎಲ್-1200ರಂಥ ಪ್ಲೇಯರುಗಳಲ್ಲಿ ಮೋಟಾರೇ ತಟ್ಟೆಯನ್ನು ತಿರುಗಿಸುತ್ತದೆ, ಬೆಲ್ಟಿನ ರಗಳೆಯೇ ಇಲ್ಲ ಎಂದು ಯಾರಾದರೂ ಬರೆಯುತ್ತಾರೆ. ನಿಜ. ಆದರೆ ಮೋಟಾರಿನ ನಡುಕವನ್ನು ರಬ್ಬರ್ ನುಂಗಿಕೊಂಡಾಗ ಬರುವ ನಿಶ್ಶಬ್ದ ನನಗೆ ಇಷ್ಟ.)

ಎಲ್ಲರಿಗೂ ಒಂದೇ ಅಳತೆ ಎನ್ನುವವರ ಮೇಲಿನ ನನ್ನ ಸಿಟ್ಟು ಬೆಲ್ಟಿಗೆ ನಿಲ್ಲುವುದಿಲ್ಲ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ನಮ್ಮ ಭಾಗ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರಿನಲ್ಲಿ. ಎಲ್‌ಪಿ ರೆಕಾರ್ಡ್ ಅಮೆರಿಕದಲ್ಲಿ ಹೊರಬಂದದ್ದೂ ಅದೇ ವರ್ಷ. ಅಂದಿನಿಂದ ನಮಗೆ ಬಂದದ್ದೆಲ್ಲ ಬೇರೆ ಯಾರದೋ ಅಳತೆಗೆ ಹೊಲಿದದ್ದು. ನಲವತ್ತು ಡಿಗ್ರಿ ದಾಟುವ ಊರಿಗೆ ತಗಡಿನ ಸೂರಿನ ಬಸ್ ತಂಗುದಾಣದ ನಕ್ಷೆ ಬರೆದವರು ಯಾವ ನೆರಳಿನಲ್ಲಿ ಕುಳಿತಿದ್ದರೋ. ಏಪ್ರಿಲ್, ಮೇ ಬಂದರೆ ನಮ್ಮ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಯಾರೋ ಒಬ್ಬರು ದಾರ ಹಿಡಿದು ಅಳೆದಿದ್ದಾರೆ ಎಂದು ಪ್ರತಿ ವರ್ಷ ನನಗೆ ಸಂತೋಷವಾಗುತ್ತದೆ. ಅಂಥ ಇನ್ನೊಂದು ಅಳತೆಗೆ, ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿಗೆ, ಸಂವಿಧಾನವನ್ನೇ 98ನೇ ಬಾರಿ ತಿದ್ದಬೇಕಾಯಿತು. ಬೆಲ್ಟಿಗೆ ಅಷ್ಟು ಬೇಡ.

ಮಗನನ್ನು ಬೈಯಬೇಡಿ. ಅದೇ ಮೊಬೈಲಿನಲ್ಲಿ ಸರಿಯಾದ ಅಳತೆ ಬರೆದು ಹುಡುಕಿದರೆ ಸರಿಯಾದ ಬೆಲ್ಟೂ ಸಿಗುತ್ತದೆ. ಜೊತೆಗೆ ವೇಗ ನೋಡುವ ಗೆರೆಚಕ್ರವೊಂದನ್ನು ಮುದ್ರಿಸಿಕೊಡಲು ಹೇಳಿ. ನಿಮಿಷಕ್ಕೆ 33⅓ ಸುತ್ತಿನ ವೇಗಕ್ಕೆ 180 ಗೆರೆಗಳಿರುವುದೇ ಬೇಕು. 216 ಗೆರೆಯದು ಅಮೆರಿಕದ 60 ಹರ್ಟ್ಸ್ ವಿದ್ಯುತ್ತಿಗೆ, ನಮ್ಮದು 50. ಹಳೆಯ ಚೋಕಿನ ಟ್ಯೂಬ್‌ಲೈಟ್ ಕೆಳಗೆ ತಿರುಗಿಸಿ ನೋಡಿ, ಎಲ್‌ಇಡಿ ಬಲ್ಬಿನಡಿ ಗೆರೆ ಕಾಣದೇ ಹೋಗಬಹುದು. ಗೆರೆಗಳು ನಿಂತಂತೆ ಕಂಡರೆ ವೇಗ ಸರಿ. ಮುಂದಕ್ಕೆ ಹರಿದರೆ ಬೆಲ್ಟ್ ದಪ್ಪವಾಯಿತು. ಪ್ಲೇಯರಿನ ಅಡಿಗೆ ಶಹಾಬಾದಿ ಪರಸಿಯ ಒಂದು ತುಂಡು ಇಡಿ, ನಿಮ್ಮ ಕಡೆ ಅದಕ್ಕೇನು ಬರವೇ? ದಾರದ ಅಳತೆಯನ್ನು ನನಗೂ ಬರೆದು ಕಳುಹಿಸಿ. ಮಿಲಿಮೀಟರಿನಲ್ಲಿ, ಇಂಚು ಬೇಡ.

— ಸಂಪಾದಕ